ಅತ್ತೆಯ ಕೈಮೇಲಿನ ಮಚ್ಚೆ, ಬಯಾಪ್ಸಿ ರಿಪೋರ್ಟಿನ ನಾಲ್ಕು ಸಾಲು

"ಬಯಾಪ್ಸಿ" ಅನ್ನೋ ಪದ ನಮ್ಮ ಮನೆಯೊಳಗೆ ಮೊದಲ ಸಲ ಕಾಲಿಟ್ಟಿದ್ದು ಹೋದ ವರ್ಷದ ಬೇಸಿಗೆಯಲ್ಲಿ. ಬಳ್ಳಾರಿ ಬೇಸಿಗೆ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಹತ್ತಕ್ಕೆಲ್ಲಾ ಕಂಟೋನ್ಮೆಂಟ್ ರಸ್ತೆಗಳು ಖಾಲಿ, ಬಂಡೆಗುಡ್ಡ ಕಾದ ಹೆಂಚಿನ ಹಾಗೆ. ಅಂಥ ಒಂದು ದಿನ ನಮ್ಮತ್ತೆ ಜೋಳದ ರೊಟ್ಟಿ ಬಡಿಯುತ್ತಾ ಕೂತಿದ್ದರು. ರೊಟ್ಟಿ ತಿರುವಿ ಹಾಕುವಾಗ ಅವರ ಮುಂಗೈ ಹೆಂಚಿಗೆ ತಾಗಿತು. ನಾನು ಅಲ್ಲೇ ನಿಂತಿದ್ದೆ. ತಾಗಿದ್ದು ಕಣ್ಣಾರೆ ಕಂಡಿತು. ಆದರೆ ಅವರು "ಹಾ" ಅನ್ನಲಿಲ್ಲ, ಕೈ ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ.

"ಅತ್ತೆ, ಕೈ ಸುಡ್ತಲ್ಲ!" ಅಂದೆ.

"ಎಲ್ಲಿ?" ಅಂತ ಕೇಳಿದರು. ಆಮೇಲೆ ನೋಡಿಕೊಂಡು, "ಹೌದಲ್ಲವ್ವ, ಗೊತ್ತೇ ಆಗಲಿಲ್ಲ ನೋಡು" ಅಂದು ನಕ್ಕರು.

ಸುಟ್ಟಿದ್ದು ಒಂದು ಮಚ್ಚೆಯ ಮೇಲೆ. ಮೊಣಕೈ ಕೆಳಗೆ ಐದು ರೂಪಾಯಿ ನಾಣ್ಯಕ್ಕಿಂತ ಎರಡು ಪಟ್ಟು ದೊಡ್ಡ, ಸ್ವಲ್ಪ ಮಾಸಲು ಕೆಂಪು, ಅಂಚು ತುಸು ಉಬ್ಬಿದ ಮಚ್ಚೆ. ಒಂದೂವರೆ ವರ್ಷದಿಂದ ಇತ್ತು. ಸಿರುಗುಪ್ಪ ಕಡೆಯ ನಮ್ಮ ಊರಿನಲ್ಲಿ ಗದ್ದೆ ಕೆಲಸ ಮಾಡಿ ಬೆಳೆದ ಜೀವ, "ಹುಳಕಡ್ಡಿ ಇರಬೇಕು, ಹೋಗ್ತೈತೆ ಬಿಡು" ಅನ್ನುತ್ತಿದ್ದರು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಟ್ಯೂಬು ಮೂರು ಖಾಲಿಯಾಗಿದ್ದವು. ಹಚ್ಚಿದಾಗ ಸ್ವಲ್ಪ ತಿಳಿಯಾದಂತೆ ಕಾಣೋದು, ಬಿಟ್ಟರೆ ಮತ್ತೆ ಅಷ್ಟೇ. ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಬೆರೆತಿತ್ತು ಅನ್ನೋದು ನಮಗೆ ಆಮೇಲೆ ಗೊತ್ತಾಯಿತು.

ತುರಿಕೆ ಇಲ್ಲ, ನೋವಿಲ್ಲ. ನಾವೆಲ್ಲ ಸುಮ್ಮನಿದ್ದದ್ದೇ ಅದಕ್ಕೆ. ನಿಜಕ್ಕೂ ಹೆದರಬೇಕಾದದ್ದು ಅದಕ್ಕೇ.

ಹತ್ತಿಯ ಎಳೆ

ಚರ್ಮದ ಡಾಕ್ಟರು ಮಚ್ಚೆಯನ್ನು ನೋಡಿ ಮೊದಲು ಮಾಡಿದ್ದು ದೊಡ್ಡ ಪರೀಕ್ಷೆ ಏನಲ್ಲ. ಒಂದು ಚೂರು ಹತ್ತಿಯನ್ನು ಎಳೆ ಮಾಡಿ, ಅತ್ತೆಗೆ ಕಣ್ಣು ಮುಚ್ಚಲು ಹೇಳಿ, "ಎಲ್ಲಿ ಮುಟ್ಟಿದೆ ಅಂತ ಬೆರಳಿಟ್ಟು ತೋರಿಸಿಯಮ್ಮ" ಅಂದರು. ಆಚೆ ಈಚೆ ಮುಟ್ಟಿದಾಗ ಅತ್ತೆ ಸರಿಯಾಗಿ ತೋರಿಸಿದರು. ಮಚ್ಚೆಯ ನಡುವೆ ಮುಟ್ಟಿದಾಗ ಸುಮ್ಮನೆ ಕೂತಿದ್ದರು. ಆಮೇಲೆ ಡಾಕ್ಟರು ಮೊಣಕೈ ಹಿಂದಿನ ಗುಣಿಯಲ್ಲಿ ಬೆರಳು ಹೊರಳಿಸಿ ನರ ಹಿಡಿದು ನೋಡಿದರು. ಕಿರುಬೆರಳನ್ನು ಅಗಲಿಸಲು ಹೇಳಿದರು. ಬೆನ್ನು ತೋರಿಸಲು ಹೇಳಿದರು. ಅಲ್ಲಿ ನಾವ್ಯಾರೂ ನೋಡದೇ ಇದ್ದ ಇನ್ನೆರಡು ಮಚ್ಚೆ ಇದ್ದವು.

"ನನಗೊಂದು ಅನುಮಾನ ಇದೆ. ಆದರೆ ಮೂರು ಟ್ಯೂಬ್ ಹಚ್ಚಿದ್ದರಿಂದ ಮಚ್ಚೆಯ ರೂಪ ಬದಲಾಗಿದೆ. ಒಂದು ಚೂರು ಚರ್ಮ ತೆಗೆದು ಬಯಾಪ್ಸಿ ಮಾಡಿಸೋಣ" ಅಂದರು.

ಅಷ್ಟೇ. ನಮ್ಮನೆಯವರ ಮುಖ ಸಣ್ಣದಾಯಿತು. ಆಟೋದಲ್ಲಿ ಮನೆಗೆ ಬರುವಾಗ ಯಾರೂ ಮಾತಾಡಲಿಲ್ಲ. ಸಂಜೆ ಪಕ್ಕದ ಮನೆಯವರಿಗೆ ಹೇಳಿದ್ದೇ ತಪ್ಪಾಯಿತು. "ಬಯಾಪ್ಸಿ ಅಂದ್ರೆ ಕ್ಯಾನ್ಸರ್‌ಗೇ ಮಾಡೋದಲ್ವಾ? ಮುಟ್ಟಿಸಬೇಡ್ರಿ, ಕತ್ತರಿ ತಾಗಿದ್ರೆ ಮೈಯೆಲ್ಲಾ ಹರಡ್ತೈತೆ" ಅಂದರು. ಒಳಗೆ ಕೂತಿದ್ದ ಅತ್ತೆಗೆ ಅದು ಕೇಳಿಸಿತು.

ಈ ಎರಡು ಮಾತನ್ನು ಇಲ್ಲೇ ತೀರಿಸಿಬಿಡುತ್ತೇನೆ, ಯಾಕೆಂದರೆ ಬಹಳ ಮನೆಗಳಲ್ಲಿ ಇವೇ ಮಾತು ಓಡಾಡುತ್ತವೆ.

ಒಂದು, ಬಯಾಪ್ಸಿ ಕ್ಯಾನ್ಸರ್‌ಗೆ ಮಾತ್ರ ಮಾಡುವ ಪರೀಕ್ಷೆ ಅಲ್ಲ. ಬಯಾಪ್ಸಿ ಅಂದರೆ ಜೀವವಿರುವ ಮೈಯಿಂದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಷ್ಟೇ. ಆ ಪದವನ್ನು 1879ರಲ್ಲಿ ಬಳಕೆಗೆ ತಂದ ಅರ್ನೆಸ್ಟ್ ಬೆನಿಯೆ ಅನ್ನುವ ಫ್ರಾನ್ಸಿನ ವೈದ್ಯ ಸ್ವತಃ ಚರ್ಮರೋಗ ತಜ್ಞ. ಸೋರಿಯಾಸಿಸ್, ಲೈಕನ್ ಪ್ಲಾನಸ್, ಮೈಮೇಲೆ ಗುಳ್ಳೆ ಏಳುವ ಪೆಂಫಿಗಸ್, ಚರ್ಮದ ಕ್ಷಯ, ಲೂಪಸ್, ರಕ್ತನಾಳದ ಉರಿಯೂತ, ಕುಷ್ಠ, ಹೀಗೆ ಕಣ್ಣಿಗೆ ಒಂದೇ ಥರ ಕಾಣುವ ಎಷ್ಟೋ ಕಾಯಿಲೆಗಳನ್ನು ಬೇರೆ ಬೇರೆ ಮಾಡಿ ಗುರುತಿಸಲು ಚರ್ಮದ ಬಯಾಪ್ಸಿ ಬೇಕಾಗುತ್ತದೆ.

ಎರಡು, ಚರ್ಮದ ಬಯಾಪ್ಸಿ ಮಾಡಿದ್ದರಿಂದ ಕ್ಯಾನ್ಸರ್ ಹರಡುತ್ತದೆ ಅನ್ನುವುದು ಹುಸಿ ಭಯ. ಬಯಾಪ್ಸಿ ಮಾಡಿಸದೆ ತಿಂಗಳುಗಟ್ಟಲೆ ಕಾಯುವುದರಿಂದಲೇ ಕಾಯಿಲೆ ಬೆಳೆಯುವುದು.

ಹತ್ತು ನಿಮಿಷದ ಕೆಲಸ

ಅತ್ತೆಗೆ ಮಾಡಿದ್ದು ಪಂಚ್ ಬಯಾಪ್ಸಿ. ಪೆನ್ನಿನಷ್ಟು ಉದ್ದದ ಒಂದು ಹಿಡಿ, ಅದರ ತುದಿಯಲ್ಲಿ ದುಂಡನೆಯ ಹರಿತ ಬಾಯಿ. ನಾಲ್ಕು ಮಿಲಿಮೀಟರ್ ಅಗಲದ್ದು ಸಾಮಾನ್ಯವಾಗಿ ಬಳಸುತ್ತಾರೆ. ಅಂದರೆ ಒಂದು ತೊಗರಿ ಕಾಳಿನಷ್ಟು. ಮೊದಲು ಲಿಗ್ನೋಕೇನ್ ಇಂಜೆಕ್ಷನ್ ಕೊಟ್ಟು ಆ ಜಾಗ ಮರಗಟ್ಟಿಸುತ್ತಾರೆ. ನೋವು ಅನ್ನುವುದಿದ್ದರೆ ಆ ಸೂಜಿ ಹಾಕಿದಾಗಿನ ಉರಿ ಮಾತ್ರ. ಆಮೇಲೆ ಪಂಚನ್ನು ಒತ್ತಿ ತಿರುಗಿಸಿ, ಚೂರನ್ನು ಬುಡದಲ್ಲಿ ಕತ್ತರಿಸಿ ತೆಗೆದು, ಒಂದೆರಡು ಹೊಲಿಗೆ ಹಾಕುತ್ತಾರೆ. ಕಾಯುವುದಕ್ಕೆ ಹಿಡಿದಷ್ಟು ಹೊತ್ತು ಕೆಲಸಕ್ಕೆ ಹಿಡಿಯಲಿಲ್ಲ.

ಎಲ್ಲರಿಗೂ ಇದೇ ಮಾಡುತ್ತಾರೆ ಅಂತಲ್ಲ. ಚರ್ಮದ ಮೇಲೆ ಎದ್ದು ನಿಂತ ಗಂಟಾದರೆ ಬ್ಲೇಡಿನಿಂದ ಮೇಲ್ಪದರ ಕೆರೆದು ತೆಗೆಯುವುದು ಶೇವ್ ಬಯಾಪ್ಸಿ. ದೊಡ್ಡ ಗಡ್ಡೆಯ ಒಂದು ತುಂಡು ಮಾತ್ರ ತೆಗೆದರೆ ಇನ್ಸಿಷನಲ್. ಅನುಮಾನದ ಮಚ್ಚೆಯನ್ನು ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮದ ಸಮೇತ ಪೂರ್ತಿ ತೆಗೆದರೆ ಎಕ್ಸಿಷನಲ್. ಕಪ್ಪು ಮಚ್ಚೆ ಮೆಲನೋಮಾ ಇರಬಹುದು ಅಂತ ಅನುಮಾನ ಬಂದರೆ ಸಾಧ್ಯವಾದಷ್ಟು ಪೂರ್ತಿಯಾಗಿಯೇ ತೆಗೆಯುತ್ತಾರೆ, ಯಾಕೆಂದರೆ ಅದು ಎಷ್ಟು ಆಳಕ್ಕೆ ಇಳಿದಿದೆ ಅನ್ನೋದರ ಮೇಲೆ ಮುಂದಿನದೆಲ್ಲಾ ನಿಂತಿದೆ.

ಎಲ್ಲಿಂದ ಚೂರು ತೆಗೆಯುತ್ತಾರೆ ಅನ್ನುವುದೂ ಮುಖ್ಯ. ಅತ್ತೆಯ ಮಚ್ಚೆಯ ನಡುವಿನಿಂದ ತೆಗೆಯದೆ, ಉಬ್ಬಿದ ಅಂಚಿನಿಂದ ತೆಗೆದರು. ಕಾಯಿಲೆ ಬೆಳೆಯುತ್ತಿರುವುದು ಅಲ್ಲಿ, ಅದಕ್ಕೆ. ಗುಳ್ಳೆಯ ಕಾಯಿಲೆಗಾದರೆ ಹೊಸದಾಗಿ ಎದ್ದ ಗುಳ್ಳೆ ಬೇಕು, ಒಡೆದು ಹಳೆಯದಾದದ್ದು ಅಷ್ಟು ಉಪಯೋಗವಿಲ್ಲ. ಅಂಥವರಿಗೆ ಎರಡನೇ ಚೂರು ತೆಗೆದು ಫಾರ್ಮಲಿನ್ ಬದಲು ಬೇರೆ ದ್ರಾವಣದಲ್ಲಿ ಇಟ್ಟು ಇಮ್ಯುನೋಫ್ಲೋರೆಸೆನ್ಸ್ ಅನ್ನುವ ಪರೀಕ್ಷೆಗೂ ಕಳಿಸುತ್ತಾರೆ. "ಎರಡು ಕಡೆ ಯಾಕೆ ಕೊಯ್ದರು" ಅಂತ ಗಾಬರಿಯಾಗಬೇಡಿ.

ಬಯಾಪ್ಸಿಗೆ ಹೋಗುವ ಮುಂಚೆ ಡಾಕ್ಟರಿಗೆ ಹೇಳಲೇಬೇಕಾದದ್ದು ಇಷ್ಟು: ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ, ಶುಗರ್ ಇದ್ದರೆ, ಹಿಂದೆ ಮರಗಟ್ಟಿಸುವ ಇಂಜೆಕ್ಷನ್‌ಗೆ ಅಲರ್ಜಿ ಆಗಿದ್ದರೆ, ಗಾಯ ಆದ ಕಡೆ ದಪ್ಪಗೆ ಕೀಲಾಯ್ಡ್ ಏಳುವ ಮೈ ಆಗಿದ್ದರೆ, ಪೇಸ್‌ಮೇಕರ್ ಹಾಕಿಸಿದ್ದರೆ. ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೋಸ್ಕರ ಕೊಟ್ಟ ಮಾತ್ರೆ ಅದು. ಮೂರ್ನಾಲ್ಕು ಮಿಲಿಮೀಟರ್ ಗಾಯಕ್ಕಾಗಿ ಅದನ್ನು ಬಿಟ್ಟು ದೊಡ್ಡ ಅಪಾಯ ತಂದುಕೊಳ್ಳುವುದು ಬೇಡ. ನಿಲ್ಲಿಸಬೇಕೋ ಬೇಡವೋ ಅವರೇ ಹೇಳುತ್ತಾರೆ.

ಆಮೇಲಿನ ಆರೈಕೆಯೂ ಸರಳ. ಮೊದಲ ದಿನ ನೀರು ತಾಗಿಸಬಾರದು. ಆಮೇಲೆ ಡಾಕ್ಟರು ಹೇಳಿದ ಮುಲಾಮು ಹಚ್ಚಿ ಮುಚ್ಚಿಡುವುದು. ನಮ್ಮತ್ತೆ ಮನೆಗೆ ಬಂದ ಕೂಡಲೇ ಅರಿಶಿನದ ಡಬ್ಬಿಗೆ ಕೈ ಹಾಕಿದ್ದರು, ನಾನು ಹಿಡಿದುಕೊಂಡೆ. ಅರಿಶಿನ, ಕಾಫಿ ಪುಡಿ, ಬೂದಿ ಯಾವುದೂ ಬೇಡ. ಮುಖದ ಹೊಲಿಗೆ ವಾರದೊಳಗೆ ಬಿಚ್ಚುತ್ತಾರೆ, ಕೈಕಾಲು ಬೆನ್ನಿನದ್ದಕ್ಕೆ ಹತ್ತು ಹದಿನಾಲ್ಕು ದಿನ. ಗಾಯದ ಸುತ್ತ ಕೆಂಪಾಗಿ ಹರಡಿದರೆ, ಕೀವು ಬಂದರೆ, ಜ್ವರ ಬಂದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಕಾಯದೆ ಹೋಗಿ. ಸಣ್ಣದೊಂದು ಕಲೆ ಉಳಿಯುತ್ತದೆ, ಅದು ಸುಳ್ಳಲ್ಲ.

ಚೂರು ಎಲ್ಲಿಗೆ ಹೋಗುತ್ತದೆ?

"ಹತ್ತು ದಿನ ಬಿಟ್ಟು ಬನ್ನಿ" ಅಂದರು. ರಕ್ತ ಪರೀಕ್ಷೆಯ ರಿಪೋರ್ಟು ಸಂಜೆಗೇ ಬರುತ್ತೆ, ಇದಕ್ಕೆ ಯಾಕೆ ಹತ್ತು ದಿನ ಅಂತ ನಮ್ಮನೆಯವರಿಗೆ ಸಿಟ್ಟು. ನಮಗೆ ತಿಳಿಯದೇ ಇದ್ದದ್ದು ಆ ಚೂರಿನ ಪ್ರಯಾಣ.

ತೆಗೆದ ಕೂಡಲೇ ಅದು ಫಾರ್ಮಲಿನ್ ಡಬ್ಬಿಗೆ ಬೀಳುತ್ತದೆ, ಕೊಳೆಯದಂತೆ ಗಟ್ಟಿಯಾಗಲು. ಆಮೇಲೆ ಅದರೊಳಗಿನ ನೀರು ತೆಗೆದು, ಮೇಣ ತುಂಬಿ, ಒಂದು ಮೇಣದ ಅಚ್ಚು ಮಾಡುತ್ತಾರೆ. ಇದಕ್ಕೆ ಬ್ಲಾಕ್ ಅನ್ನುತ್ತಾರೆ. ಆ ಅಚ್ಚನ್ನು ಮೈಕ್ರೋಟೋಮ್ ಅನ್ನುವ ಯಂತ್ರದಲ್ಲಿ ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತಾರೆ. ನಮ್ಮ ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗಿಂತ ತೆಳು. ಆ ಪದರವನ್ನು ಗಾಜಿನ ಮೇಲಿಟ್ಟು ಎರಡು ಬಣ್ಣ ಹಾಕುತ್ತಾರೆ. ಹಿಮಟಾಕ್ಸಿಲಿನ್ ಜೀವಕೋಶದ ಬೀಜವನ್ನು ನೇರಳೆ ಮಾಡುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿ ಮಾಡುತ್ತದೆ. ಅಷ್ಟಾದ ಮೇಲೆ ಪೆಥಾಲಜಿ ಡಾಕ್ಟರು ಕಣ್ಣಿಟ್ಟು ನೋಡುತ್ತಾರೆ. ಅನುಮಾನ ಬಂದರೆ ಇನ್ನೂ ಹೆರೆಯಿಸಿ ವಿಶೇಷ ಬಣ್ಣ ಹಾಕಿಸುತ್ತಾರೆ. ಕುಷ್ಠದ ಬ್ಯಾಕ್ಟೀರಿಯಾ ಹುಡುಕಲು ಫೈಟ್ ಫರಾಕೊ, ಫಂಗಸ್‌ಗೆ ಪಿಎಎಸ್, ಹೀಗೆ. ಪ್ರತಿಯೊಂದಕ್ಕೂ ಇನ್ನೊಂದೆರಡು ದಿನ. ತಡವಾಯಿತು ಅಂದರೆ ಕೆಟ್ಟ ಸುದ್ದಿ ಅಂತ ಅರ್ಥವಲ್ಲ.

ನಮ್ಮ ಕಂಟೋನ್ಮೆಂಟ್‌ನಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಶುರುವಾಗಿ, ಆಮೇಲೆ ವಿಮ್ಸ್ ಆದ ದೊಡ್ಡಾಸ್ಪತ್ರೆ ಇದೆ. ಹೆಸರು ಈಗ ಬದಲಾಗಿದ್ದರೂ ಆಟೋದವರಿಗೆ ಇವತ್ತಿಗೂ ಅದು ವಿಮ್ಸೇ. ಸಿರುಗುಪ್ಪ, ಕುರುಗೋಡು, ಸಂಡೂರು, ಆಂಧ್ರದ ಗಡಿ ಊರುಗಳಿಂದ ಬಂದವರು ಅದರ ಗೇಟಿನ ಹತ್ತಿರ ರಿಪೋರ್ಟಿನ ಕವರ್ ಹಿಡಿದು ನಿಂತಿರುವುದನ್ನು ನಾನು ದಿನಾ ನೋಡುತ್ತೇನೆ. ಮುಂಚೆ ನೋಡಿಯೂ ನೋಡದ ಹಾಗೆ ಹೋಗುತ್ತಿದ್ದೆ. ಆ ಹತ್ತು ದಿನ ಮಾತ್ರ ಒಂದೊಂದು ಮುಖವೂ ಕಣ್ಣಿಗೆ ಬೀಳುತ್ತಿತ್ತು.

ನಾಲ್ಕು ಸಾಲು, ಮೂರು ತಪ್ಪು

ರಿಪೋರ್ಟು ಬಂತು. ಡಾಕ್ಟರ ಭೇಟಿ ಮರುದಿನ ಇತ್ತು. ಒಂದು ರಾತ್ರಿ ತಡೆಯೋಕಾಗದೆ ನಾವೇ ಓದಿದೆವು. ಇಂಗ್ಲಿಷ್‌ನಲ್ಲಿ ಒಂದು ಪುಟ, ಕೊನೆಗೆ ದಪ್ಪಕ್ಷರದಲ್ಲಿ ನಾಲ್ಕು ಸಾಲು. ಅದರಲ್ಲಿ ನಮ್ಮ ಕಣ್ಣಿಗೆ ಬಿದ್ದ ಪದಗಳು ಇವು: "ಬಾರ್ಡರ್‌ಲೈನ್ ಟ್ಯೂಬರ್‌ಕ್ಯುಲಾಯ್ಡ್ ಹ್ಯಾನ್ಸನ್ಸ್ ಡಿಸೀಸ್", "ಎಎಫ್‌ಬಿ ನೆಗೆಟಿವ್", "ಕ್ಲಿನಿಕಲ್ ಕೋರಿಲೇಶನ್ ಅಡ್ವೈಸ್ಡ್".

ನನ್ನ ಮಗ ಪಿಯುಸಿ ಸೈನ್ಸ್. ಅವನು ಓದಿ ಹೇಳಿದ್ದು: ಟ್ಯೂಬರ್‌ಕ್ಯುಲಾಯ್ಡ್ ಅಂದರೆ ಟಿಬಿ, ಬಾರ್ಡರ್‌ಲೈನ್ ಅಂದರೆ ಸ್ವಲ್ಪವೇ ಇದೆ, ನೆಗೆಟಿವ್ ಅಂದರೆ ಏನೂ ಇಲ್ಲ. "ಅಜ್ಜಿಗೆ ಏನೂ ಆಗಿಲ್ಲಮ್ಮ" ಅಂದ. ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು. ಆ ರಾತ್ರಿ ಮಂಡಕ್ಕಿ ಒಗ್ಗರಣೆ ಮಾಡಿ, ಮಿರ್ಚಿ ಕರಿದು ತಿಂದೆವು.

ಮೂರಕ್ಕೆ ಮೂರೂ ತಪ್ಪು. ಮರುದಿನ ಡಾಕ್ಟರು ಒಂದೊಂದಾಗಿ ಬಿಡಿಸಿ ಹೇಳಿದರು.

ಹ್ಯಾನ್ಸನ್ಸ್ ಡಿಸೀಸ್ ಅಂದರೆ ಕುಷ್ಠರೋಗ. ನಾರ್ವೆಯ ಹ್ಯಾನ್ಸನ್ ಅನ್ನುವ ವೈದ್ಯ 1873ರಲ್ಲಿ ಅದರ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ. ಟ್ಯೂಬರ್‌ಕ್ಯುಲಾಯ್ಡ್ ಅಂದರೆ ಟಿಬಿ ಅಲ್ಲ, "ಟಿಬಿಯಲ್ಲಿ ಕಾಣುವಂಥದ್ದು" ಅಂತ. ಕಾಯಿಲೆಯನ್ನು ತಡೆಯಲು ಮೈಯ ರಕ್ಷಣಾ ಕೋಶಗಳು ಒಟ್ಟಾಗಿ ಗುಂಪು ಕಟ್ಟುತ್ತವೆ, ಅದಕ್ಕೆ ಗ್ರಾನುಲೋಮಾ ಅನ್ನುತ್ತಾರೆ. ಟಿಬಿಯಲ್ಲೂ ಹೀಗೇ ಕಟ್ಟುತ್ತವೆ. ಕುಷ್ಠದಲ್ಲಿ ಆ ಗುಂಪು ನರದ ಎಳೆಯನ್ನು ಹಿಡಿದುಕೊಂಡು ಸಾಗುತ್ತದೆ. ಅದಕ್ಕೇ ಅತ್ತೆಗೆ ಹೆಂಚು ಸುಟ್ಟಿದ್ದು ಗೊತ್ತಾಗದೆ ಹೋದದ್ದು.

ಬಾರ್ಡರ್‌ಲೈನ್ ಅಂದರೆ "ಸ್ವಲ್ಪವೇ ಇದೆ" ಅಲ್ಲ. ಕುಷ್ಠದಲ್ಲಿ ಎರಡು ತುದಿ ಇವೆ. ಮೈಯ ರಕ್ಷಣೆ ಗಟ್ಟಿಯಿದ್ದು ಬ್ಯಾಕ್ಟೀರಿಯಾ ತೀರಾ ಕಡಿಮೆ ಇರುವುದು ಒಂದು ತುದಿ, ರಕ್ಷಣೆ ಸೋತು ಬ್ಯಾಕ್ಟೀರಿಯಾ ತುಂಬಿರುವುದು ಇನ್ನೊಂದು ತುದಿ. ನಡುವೆ ಇರುವವರು ಬಾರ್ಡರ್‌ಲೈನ್. ರಿಡ್ಲಿ ಮತ್ತು ಜಾಪ್ಲಿಂಗ್ ಅನ್ನುವ ಇಬ್ಬರು 1966ರಲ್ಲಿ ಇದನ್ನು ಐದು ಮೆಟ್ಟಿಲಾಗಿ ವಿಂಗಡಿಸಿದರು. ಅತ್ತೆ ಒಳ್ಳೆಯ ತುದಿಗೆ ಹತ್ತಿರದ ಮೆಟ್ಟಿಲಲ್ಲಿದ್ದರು.

ಎಎಫ್‌ಬಿ ನೆಗೆಟಿವ್ ಅಂದರೆ ಆ ತೆಳು ಪದರದಲ್ಲಿ ಬ್ಯಾಕ್ಟೀರಿಯಾ ಕಣ್ಣಿಗೆ ಬೀಳಲಿಲ್ಲ ಅಂತ. ಈ ಬಗೆಯಲ್ಲಿ ಅವು ಇರುವುದೇ ಬೆರಳೆಣಿಕೆಯಷ್ಟು, ಕಾಣದಿರುವುದೇ ಹೆಚ್ಚು. ನೆಗೆಟಿವ್ ಅಂತ ನೋಡಿ ಚಿಕಿತ್ಸೆ ಬಿಟ್ಟಿದ್ದರೆ ಅತ್ತೆಯ ಬೆರಳು ಮಡಚಿಕೊಳ್ಳುತ್ತಿತ್ತು.

ಇನ್ನು ಕ್ಲಿನಿಕಲ್ ಕೋರಿಲೇಶನ್. ಇದನ್ನು ನೋಡಿ "ಲ್ಯಾಬಿನವರಿಗೇ ಗ್ಯಾರಂಟಿ ಇಲ್ಲ" ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಲ್ಯಾಬಿನ ಡಾಕ್ಟರು ನೋಡುವುದು ತೊಗರಿ ಕಾಳಿನಷ್ಟು ಚರ್ಮವನ್ನು, ಮನುಷ್ಯರನ್ನಲ್ಲ. ಹತ್ತಿ ಎಳೆ ಮುಟ್ಟಿಸಿ, ನರ ಹಿಡಿದು, ಬೆನ್ನು ನೋಡಿದ ಡಾಕ್ಟರು ಎರಡನ್ನೂ ಕೂಡಿಸಿ ತೀರ್ಮಾನ ಮಾಡಲಿ ಅಂತ ಅದರ ಅರ್ಥ. ಕುಷ್ಠವನ್ನು ಎಷ್ಟೋ ಸಲ ಬಯಾಪ್ಸಿ ಇಲ್ಲದೆಯೇ ಮುಟ್ಟಿ ನೋಡಿ ಪತ್ತೆ ಹಚ್ಚುತ್ತಾರೆ. ಅನುಮಾನ ಉಳಿದಾಗ ಬಯಾಪ್ಸಿ ಸಾಕ್ಷಿ ಹೇಳುತ್ತದೆ.

ಬೇರೆ ತಾಟು

ಕ್ಯಾನ್ಸರ್ ಅಲ್ಲ ಅಂದಾಗ ನಮಗೆ ಸಮಾಧಾನ ಆಗಬೇಕಿತ್ತು. ಆದರೆ ಅತ್ತೆ ಆ ಪದ ಕೇಳಿ ಕಲ್ಲಾದರು. ಅವರ ಕಾಲದಲ್ಲಿ ಅದಕ್ಕೆ ಹೆಸರು ಹಿಡಿದೂ ಕರೆಯುತ್ತಿರಲಿಲ್ಲ, "ದೊಡ್ಡ ರೋಗ" ಅನ್ನುತ್ತಿದ್ದರು. ಊರಾಚೆ ಗುಡಿಸಿಲಲ್ಲಿ ಇಟ್ಟ ಒಬ್ಬರಿಗೆ ದೂರದಿಂದ ಮುದ್ದೆ ಇಟ್ಟು ಬಂದದ್ದು ಅವರಿಗೆ ನೆನಪಿದೆ.

ಅವತ್ತು ಮಧ್ಯಾಹ್ನ ಊಟಕ್ಕೆ ಕರೆದರೆ, ಅತ್ತೆ ತಮ್ಮ ತಾಟು, ಲೋಟ ತಾವೇ ತೆಗೆದುಕೊಂಡು ಹಿತ್ತಲ ಬಾಗಿಲ ಹತ್ತಿರ ಕೂತಿದ್ದರು. "ಮಕ್ಕಳಿರೋ ಮನೆ. ನನ್ನದು ಬೇರೇನೇ ಇರಲವ್ವ" ಅಂದರು. ರೊಟ್ಟಿ ಬಡಿಯುವುದಿಲ್ಲ, ಹೂ ಕಟ್ಟುವುದಿಲ್ಲ, ಮೊಮ್ಮಗಳ ಜಡೆ ಹಾಕುವುದಿಲ್ಲ. ಇಷ್ಟರ ಮೇಲೆ ನಮ್ಮನೆಯವರು ನನ್ನನ್ನು ಒಳಗೆ ಕರೆದು, "ಯಾರಿಗೂ ಹೇಳಬೇಡ. ತಂಗಿ ಮಗಳ ಸಂಬಂಧ ಮಾತಾಡ್ತಾ ಇದಾರೆ" ಅಂದರು. ನಾನೂ ತಲೆಯಾಡಿಸಿದೆ. ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ಅತ್ತೆಯ ಬಟ್ಟೆ ತೊಳೆಯುವಾಗ ನನ್ನ ಕೈಯೂ ಒಂದು ಕ್ಷಣ ತಡೆಯಿತು.

ಎರಡು ದಿನ ಬಿಟ್ಟು ನಾನೊಬ್ಬಳೇ ಡಾಕ್ಟರ ಹತ್ತಿರ ಹೋಗಿ ಕೂತೆ. ಅವರು ಹೇಳಿದ್ದನ್ನು ಮನೆಗೆ ಬಂದು ಅತ್ತೆಯ ಮುಂದೆ, ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ.

ಕುಷ್ಠ ಶಾಪವಲ್ಲ, ವಂಶದಿಂದ ಬರುವುದಲ್ಲ. ಮುಟ್ಟಿದರೆ, ಒಟ್ಟಿಗೆ ಉಂಡರೆ ಬರುವುದಿಲ್ಲ. ಚಿಕಿತ್ಸೆ ಪಡೆಯದವರ ಜೊತೆ ಬಹುಕಾಲ ಹತ್ತಿರ ಇದ್ದಾಗ ಮೂಗು ಬಾಯಿಯ ಹನಿಯಿಂದ ಹರಡುತ್ತದೆ. ಬ್ಯಾಕ್ಟೀರಿಯಾ ಮೈಗೆ ಸೇರಿದರೂ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ, ಮೈಯೇ ಅದನ್ನು ತಡೆದುಬಿಡುತ್ತದೆ. ಬಂದರೂ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ ಬೇಕು, ಇಪ್ಪತ್ತು ವರ್ಷ ಹಿಡಿದದ್ದೂ ಇದೆ. ಔಷಧ ಶುರುವಾಯಿತೆಂದರೆ ಅವರಿಂದ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ.

ಔಷಧದ ಹೆಸರು ಎಂಡಿಟಿ, ಬಹುಔಷಧ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಇದನ್ನು ಶಿಫಾರಸು ಮಾಡಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತದೆ. ಮಚ್ಚೆ ಐದಕ್ಕಿಂತ ಹೆಚ್ಚಿಲ್ಲದವರಿಗೆ ಆರು ತಿಂಗಳು, ಹೆಚ್ಚಿದ್ದರೆ ಹನ್ನೆರಡು ತಿಂಗಳು. ಅತ್ತೆಗೆ ಮೂರು ಮಚ್ಚೆ, ಒಂದು ನರ. ಆರು ತಿಂಗಳು ಸಾಕು ಅಂದರು. ರಿಫಾಂಪಿಸಿನ್ ನುಂಗಿದ ದಿನ ಮೂತ್ರ ಕೆಂಪಗಾಗುತ್ತದೆ, ಕ್ಲೋಫಾಜಿಮಿನ್ ಇದ್ದರೆ ಚರ್ಮ ಸ್ವಲ್ಪ ಕಪ್ಪಾಗುತ್ತದೆ, ಎರಡೂ ಆಮೇಲೆ ಸರಿಹೋಗುತ್ತವೆ ಅಂತ ಮುಂಚೆಯೇ ಹೇಳಿದ್ದರಿಂದ ನಾವು ಹೆದರಲಿಲ್ಲ. ಬೆರಳಿನ ಬಲ ಈಚೆಗೆ ಕಡಿಮೆಯಾಗಿದ್ದರಿಂದ ನರದ ಊತ ಇಳಿಸಲು ಸ್ವಲ್ಪ ಕಾಲ ಸ್ಟೀರಾಯ್ಡ್ ಮಾತ್ರೆಯನ್ನೂ ಕೊಟ್ಟರು. ಟ್ಯೂಬಿನ ಸ್ಟೀರಾಯ್ಡ್ ಬೇರೆ, ಲೆಕ್ಕ ಹಾಕಿ ಡಾಕ್ಟರು ಕೊಡುವ ಇದು ಬೇರೆ.

ಆಶಾ ಕಾರ್ಯಕರ್ತೆ ಮನೆಗೆ ಬಂದು ನಮ್ಮೆಲ್ಲರ ಮೈ ಪರೀಕ್ಷೆಗೆ ಹೇಳಿದರು. ಹತ್ತಿರದಲ್ಲಿ ಇರುವವರಿಗೆ ಮುಂಜಾಗ್ರತೆಗೆ ಒಂದೇ ಒಂದು ಸಲ ನುಂಗುವ ರಿಫಾಂಪಿಸಿನ್ ಕೊಡುತ್ತಾರೆ. ನಾವು ಸಾಲಾಗಿ ಕೂತು ನುಂಗಿದೆವು. ಆಶಾ ಹೋದ ಮೇಲೆ ನನ್ನ ಮಗಳು ಅಜ್ಜಿಯ ತಾಟನ್ನು ಹಿತ್ತಲಿನಿಂದ ತಂದು ನಮ್ಮ ತಾಟುಗಳ ನಡುವೆ ಇಟ್ಟಳು. ಯಾರೂ ಏನೂ ಹೇಳಿರಲಿಲ್ಲ ಅವಳಿಗೆ.

ಮುಚ್ಚಿಡುವ ವಿಷಯಕ್ಕೂ ಒಂದು ಮಾತು. 2005ರ ಕೊನೆಗೆ ನಮ್ಮ ದೇಶ, ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳು ಅನ್ನುವ ಮಟ್ಟ ಮುಟ್ಟಿತು. "ಕುಷ್ಠ ಹೋಯಿತು" ಅಂತ ಎಲ್ಲರೂ ಅಂದುಕೊಂಡೆವು. ಆದರೆ ಜಗತ್ತಿನಲ್ಲಿ ಪ್ರತಿ ವರ್ಷ ಪತ್ತೆಯಾಗುವ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗಲೂ ಭಾರತದವರು. ಕುಷ್ಠ ಇದೆ ಅನ್ನುವುದೊಂದೇ ಕಾರಣಕ್ಕೆ ವಿಚ್ಛೇದನ ಕೇಳಲು ಅವಕಾಶ ಕೊಡುತ್ತಿದ್ದ ಸಾಲು ನಮ್ಮ ಮದುವೆ ಕಾನೂನುಗಳಲ್ಲಿ 2019ರವರೆಗೂ ಇತ್ತು. ಕಾನೂನು ಅದನ್ನು ತೆಗೆದುಹಾಕಿತು. ಮನೆಯೊಳಗಿನ ಕಾನೂನು ತೆಗೆಯಬೇಕಾದವರು ನಾವೇ.

ನಿಮ್ಮ ರಿಪೋರ್ಟಿನಲ್ಲಿ ಬರಬಹುದಾದ ಪದಗಳು

ಎಲ್ಲರ ರಿಪೋರ್ಟೂ ಅತ್ತೆಯದರ ಹಾಗಿರುವುದಿಲ್ಲ. ಈ ಪದಗಳು ಗೊತ್ತಿದ್ದರೆ ಒಂದು ರಾತ್ರಿಯ ನಿದ್ದೆಯಾದರೂ ಉಳಿಯುತ್ತದೆ.

ಬಿನೈನ್ ಅಂದರೆ ಕ್ಯಾನ್ಸರ್ ಅಲ್ಲದ್ದು. ಮಾಲಿಗ್ನಂಟ್ ಅಂದರೆ ಕ್ಯಾನ್ಸರ್. ಡಿಸ್‌ಪ್ಲೇಸಿಯಾ ಅಂದರೆ ಜೀವಕೋಶಗಳ ರೂಪ ಕೆಟ್ಟಿದೆ, ಆದರೆ ಅದನ್ನು ಕ್ಯಾನ್ಸರ್ ಅನ್ನುವುದಿಲ್ಲ, ಕಣ್ಣಿಡಬೇಕು ಅಥವಾ ತೆಗೆಸಬೇಕು. ಇನ್ ಸಿಟು ಅಂದರೆ ಕ್ಯಾನ್ಸರ್ ಇನ್ನೂ ಚರ್ಮದ ಮೇಲ್ಪದರದೊಳಗೇ ಇದೆ, ಕೆಳಗೆ ಇಳಿದಿಲ್ಲ. ಇದು ಬೇಗ ಸಿಕ್ಕಿದ್ದಕ್ಕೆ ದೇವರಿಗೆ ಕೈಮುಗಿಯಬೇಕಾದ ಪದ.

ಮಾರ್ಜಿನ್ ಅನ್ನುವುದು ತೆಗೆದ ತುಂಡಿನ ಅಂಚು. ಅಂಚಿನಲ್ಲಿ ಕಾಯಿಲೆ ಇಲ್ಲದಿದ್ದರೆ "ಮಾರ್ಜಿನ್ ಫ್ರೀ" ಅಂತ ಬರೆಯುತ್ತಾರೆ. ಅಂಚಿನವರೆಗೂ ಇದ್ದರೆ ಒಳಗೆ ಇನ್ನೂ ಉಳಿದಿರಬಹುದು, ಮತ್ತೆ ತೆಗೆಸಬೇಕಾಗಬಹುದು. ಆದರೆ ಪಂಚ್ ಬಯಾಪ್ಸಿ ಮಾಡುವುದು ಹೆಸರು ಪತ್ತೆಗೆ, ಪೂರ್ತಿ ತೆಗೆಯುವುದಕ್ಕಲ್ಲ, ಆದ್ದರಿಂದ ಅದರ ಅಂಚಿನಲ್ಲಿ ಕಾಯಿಲೆ ಕಂಡರೆ ಆಶ್ಚರ್ಯವಿಲ್ಲ.

ಚರ್ಮದ ಕ್ಯಾನ್ಸರ್ ಮುಖ್ಯವಾಗಿ ಮೂರು. ಬೇಸಲ್ ಸೆಲ್ ಕಾರ್ಸಿನೋಮಾ ನಿಧಾನದ್ದು, ಹೆಚ್ಚಾಗಿ ಮುಖದ ಮೇಲೆ, ದೂರದ ಅಂಗಕ್ಕೆ ಹರಡುವುದು ತೀರಾ ಅಪರೂಪ. ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಹರಡಬಲ್ಲದು. ಹಳೆಯ ಸುಟ್ಟ ಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ಇದು ಹುಟ್ಟಬಹುದು, ಅಂಥ ಹುಣ್ಣಿಗೆ ಬಯಾಪ್ಸಿ ಬೇಡ ಅನ್ನಬೇಡಿ. ಮೆಲನೋಮಾ ನಮ್ಮಲ್ಲಿ ಅಪರೂಪ, ಆದರೆ ಬಂದರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಹೆಚ್ಚು. ಅದರ ರಿಪೋರ್ಟಿನಲ್ಲಿ ಬ್ರೆಸ್ಲೋ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಆಳ ಬರೆದಿರುತ್ತಾರೆ. ಆ ಸಂಖ್ಯೆ ಸಣ್ಣದಿದ್ದಷ್ಟೂ ಒಳ್ಳೆಯದು.

"ನಾನ್ ಸ್ಪೆಸಿಫಿಕ್" ಅಥವಾ "ಕ್ರಾನಿಕ್ ಡರ್ಮಟೈಟಿಸ್" ಅಂತ ಬಂದರೆ ದುಡ್ಡು ದಂಡವಾಯಿತು ಅನ್ನಿಸುತ್ತದೆ. ಅದರಿಂದಲೂ ಉಪಯೋಗ ಇದೆ, ಕೆಟ್ಟ ಕಾಯಿಲೆಗಳ ಗುರುತು ಆ ಚೂರಿನಲ್ಲಿ ಇಲ್ಲ ಅಂತ ಗೊತ್ತಾಗುತ್ತದೆ. ಆದರೂ ಮಚ್ಚೆ ಬದಲಾಗುತ್ತಿದ್ದರೆ ಮತ್ತೊಮ್ಮೆ, ಬೇರೆ ಜಾಗದಿಂದ ಮಾಡಬೇಕಾಗಬಹುದು. ಹಚ್ಚಿದ ಮುಲಾಮು ಕೂಡ ರೂಪ ಮರೆಸುತ್ತದೆ. ಆದ್ದರಿಂದ ಏನೇನು ಹಚ್ಚಿದ್ದೀರಿ ಅಂತ ಖಾಲಿ ಟ್ಯೂಬಿನ ಸಮೇತ ತೋರಿಸಿ, ಬೈಸಿಕೊಂಡರೂ ಪರವಾಗಿಲ್ಲ.

ಡಾಕ್ಟರ ಮುಂದೆ ಕೂತಾಗ ಕೇಳಿ

ಕಾಯಿಲೆಯ ಹೆಸರೇನು, ಅದನ್ನು ಕನ್ನಡದಲ್ಲಿ ಏನಂತಾರೆ? ಖಚಿತವೋ, ಅನುಮಾನವೋ? ಪೂರ್ತಿ ತೆಗೆದಾಯಿತೋ, ಇನ್ನೂ ತೆಗೆಯಬೇಕೋ? ಮನೆಯವರು ಪರೀಕ್ಷೆ ಮಾಡಿಸಿಕೊಳ್ಳಬೇಕೋ? ಮತ್ತೆ ಯಾವಾಗ ಬರಬೇಕು? ಈ ಐದು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಉತ್ತರವನ್ನೂ ಅಲ್ಲೇ ಬರೆದುಕೊಳ್ಳಿ, ಗಾಬರಿಯಲ್ಲಿ ಕೇಳಿದ್ದು ಮನೆ ತಲುಪುವಷ್ಟರಲ್ಲಿ ಮರೆತಿರುತ್ತದೆ.

ರಿಪೋರ್ಟನ್ನು ಎಸೆಯಬೇಡಿ. ಇನ್ನೊಬ್ಬ ತಜ್ಞರ ಅಭಿಪ್ರಾಯ ಬೇಕೆನಿಸಿದರೆ ಮತ್ತೆ ಕೊಯ್ಯಬೇಕಿಲ್ಲ. ಮೇಣದ ಬ್ಲಾಕು, ಗಾಜಿನ ಸ್ಲೈಡು ಲ್ಯಾಬಿನಲ್ಲಿ ಇಟ್ಟಿರುತ್ತಾರೆ, ಕೇಳಿ ಪಡೆದು ಇನ್ನೊಂದು ಕಡೆ ತೋರಿಸಬಹುದು.

ಅತ್ತೆಯ ಆರು ತಿಂಗಳ ಔಷಧ ದೀಪಾವಳಿ ಹೊತ್ತಿಗೆ ಮುಗಿಯಿತು. ಮಚ್ಚೆ ಮಾಸಿದೆ, ಪೂರ್ತಿ ಹೋಗಿಲ್ಲ. ಆ ಜಾಗಕ್ಕೆ ಸ್ಪರ್ಶ ಇನ್ನೂ ಮರಳಿಲ್ಲ, ಬರದೆಯೂ ಇರಬಹುದು ಅಂದಿದ್ದಾರೆ. ರೊಟ್ಟಿ ಬಡಿಯುವಾಗ ಈಗ ತೋಳಿಗೆ ಹಳೆಯ ಟವೆಲ್ ಸುತ್ತಿಕೊಳ್ಳುತ್ತಾರೆ. ಕಿರುಬೆರಳಿಗೆ ಮುಕ್ಕಾಲು ಪಾಲು ಬಲ ಬಂದಿದೆ. ಒಂದು ವರ್ಷ ಮುಂಚೆ ಬಂದಿದ್ದರೆ ಪೂರ್ತಿ ಬರುತ್ತಿತ್ತೇನೋ ಅನ್ನೋದು ನನ್ನ ಕೊರಗು. ಆ ಮೂರು ಟ್ಯೂಬ್ ತಂದುಕೊಟ್ಟವಳು ನಾನೇ.

ಹೋದ ಶುಕ್ರವಾರ ದುರ್ಗಮ್ಮನ ಗುಡಿಗೆ ಹೋಗೋಣ ಅಂತ ಹೊರಟೆವು. ಅತ್ತೆ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ಮೊದಲಿನಷ್ಟು ಒತ್ತಾಗಿಲ್ಲ, ನಡುನಡುವೆ ಎಡೆ ಬಿಟ್ಟಿತ್ತು. "ಸಡಿಲ ಆಗೈತೆ, ನೀನು ಮುಡೀಬೇಡ, ದೇವರಿಗೆ ಇರಲಿ" ಅಂದರು. ನಾನು ಅರ್ಧ ಹರಿದು ತಲೆಗೆ ಮುಡಿದುಕೊಂಡೆ.

ನಿಮ್ಮ ಮನೆಯಲ್ಲೂ ಯಾರ ಮೈಮೇಲಾದರೂ ತುರಿಸದ, ನೋಯದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದರೆ, ಇವತ್ತು ಒಂದು ಹತ್ತಿ ಎಳೆ ತೆಗೆದುಕೊಂಡು ಅವರ ಪಕ್ಕ ಕೂತುಕೊಳ್ಳಿ. ಬೆನ್ನನ್ನೂ ನೋಡಿ, ಅದನ್ನು ಅವರೇ ನೋಡಿಕೊಳ್ಳೋಕೆ ಆಗೋದಿಲ್ಲ.